ದಪ್ಪಕ್ಷರ ಕುಡಿದ ಮಸಿ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿರಾದ ಒಂದು ಅಚ್ಚುಕೂಟದಲ್ಲಿ ನಾನು ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದೆ. ಯಾರೂ ಕೇಳದಿದ್ದರೂ ಬಂದವರ ನಡೆ ನುಡಿಯನ್ನೆಲ್ಲ ಅಣಕಿಸಿ ತೋರಿಸುವ ಕೆಲಸವನ್ನೂ ಮಾಡುತ್ತಿದ್ದೆ. ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರದ ಕಿರುಗುಟ್ಟುವಿಕೆ ನನ್ನ ಬಾಯಿಂದ ಬಂದಾಗ, ಎಣ್ಣೆ ಬಿಡಿ ಎಂದು ಮಾಲೀಕರು ಒಳಗಿನಿಂದ ಕೂಗಿದ್ದುಂಟು. ನನ್ನನ್ನೂ ನಾನು ಬಿಟ್ಟವನಲ್ಲ. ಕಡ್ಡಿಯಂಥ ಮೈ, ತೆಳು ಅಕ್ಷರ ಸಾಲದೇ ಹೋದರೆ ನನ್ನನ್ನೇ ಮಲಗಿಸಿ ಅಚ್ಚು ಹಾಕಿ ಎನ್ನುತ್ತಿದ್ದೆ.

ಮಾಲೀಕರನ್ನು ನಾವು ಸಾಹೇಬರು ಅನ್ನುತ್ತಿದ್ದೆವು. ಮಸಿ ಎಂದರೆ ಅವರಿಗೆ ಪ್ರಾಣ. ದಪ್ಪಕ್ಷರ ಕೈಗೆತ್ತಿಕೊಂಡೆನೋ, ಉಪದೇಶ ಶುರು: ದಪ್ಪದ್ದು ಮೈತುಂಬ ಮಸಿ ಕುಡಿಯುತ್ತದೆ, ತೆಳ್ಳನೆಯದು ನಾಲಿಗೆ ಒದ್ದೆ ಮಾಡಿಕೊಂಡು ಸುಮ್ಮನಾಗುತ್ತದೆ, ಅದರ ಒಂದು ಲಗ್ನಪತ್ರಿಕೆಯ ಮಸಿಯಲ್ಲಿ ಇದರದು ಎರಡು ತೆಗೆಯಬಹುದು. ಅವರ ಬೆನ್ನ ಹಿಂದೆ ನಿಂತು ಇಷ್ಟನ್ನೂ ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದೆ.

ಒಂದು ದಿನ ಬರಗೂರು ಕಡೆಯ ಕುರಿ ಸಾಕುವ ಮನೆಯ ಹಿರಿಯರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಎಲ್ಲವೂ ದಪ್ಪಕ್ಷರದಲ್ಲೇ ಇರಲಿ ಅಂದರು. ಸಾಹೇಬರು ಊಟಕ್ಕೆ ಹೋಗಿದ್ದರು. ನನ್ನದೇನು ಗಂಟು ಹೋಗಬೇಕು? ನಮ್ಮಲ್ಲಿದ್ದ ಅತಿ ದಪ್ಪ ಮೊಳೆಗಳಲ್ಲಿ ಇಡೀ ಪತ್ರಿಕೆ ಜೋಡಿಸಿ, ಕದಲದಂತೆ ಸುತ್ತ ದಾರ ಕಟ್ಟಿಟ್ಟೆ. ಸಾಹೇಬರು ಬಂದವರೇ ಮಸಿ ಡಬ್ಬದ ತಳ ತೋರಿಸಿದರು. ತುಮಕೂರಿನಿಂದ ಹೊಸ ಡಬ್ಬ ಬರಲು ನಾಲ್ಕು ದಿನ. ಪತ್ರಿಕೆ ಅವತ್ತೇ ಬೇಕು. ಬೆಳಗಾದರೆ ಹಿರಿಯರು ನೆಂಟರ ಊರುಗಳನ್ನು ಸುತ್ತಬೇಕು. ಇರೋ ಮಸಿ ತೆಳು ಅಕ್ಷರಕ್ಕಾದರೆ ಸಾಕಾಗುತ್ತದೆ ಎಂದಾಗ ಆಗಲಿ ಎಂದು ತಲೆಯಾಡಿಸಿದರು. ಎಲ್ಲವನ್ನೂ ತೆಳು ಅಕ್ಷರದಲ್ಲಿ ಮತ್ತೆ ಜೋಡಿಸಿ ಇನ್ನೂರು ಪತ್ರಿಕೆ ತೆಗೆದೆವು.

ಹಿರಿಯರು ಒಂದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಾಗಿಲ ಬೆಳಕಿಗೆ ಹಿಡಿದರು. ಚೆನ್ನಾಗೈತೆ ಅಂದರು. ನಾನೊಂದು ರಟ್ಟು ತೆಗೆದುಕೊಂಡು ಅವರಂತೆಯೇ ಕತ್ತು ಹಿಂದಕ್ಕೆಳೆದು ಕಣ್ಣು ಕಿರಿದು ಮಾಡಿದೆ. ಅವರು ತಿರುಗಿ ನೋಡಿಬಿಟ್ಟರು. ಕೋಪಿಸಿಕೊಳ್ಳಲಿಲ್ಲ.

"ಅಂಗೇ ಕಣಪ್ಪ. ವಯಸ್ಕರ ಶಾಲೇಲಿ ಈ ವರ್ಸ ಕಲ್ತಿದ್ದು. ಬಸ್ಸಿನ ಬೋರ್ಡು ಓದ್ತೀನಿ. ಈ ಸಣ್ಣವು ಇರುವೆ ಹರಿದಂಗೆ ಕಾಣ್ತವೆ. ಮಗಳ ಮದ್ವೆ ಕಾಗ್ದ ನಾನೇ ಓದ್ಬೇಕು ಅಂತಿದ್ದೆ. ಹೋಗ್ಲಿ ಬುಡು."

ರಟ್ಟನ್ನು ಎಲ್ಲಿಡಬೇಕೋ ನನಗೆ ತೋಚಲಿಲ್ಲ.

ದಪ್ಪಕ್ಷರದ ಜೋಡಣೆಯನ್ನು ನಾನಿನ್ನೂ ಬಿಚ್ಚಿರಲಿಲ್ಲ. ಸೋಮಾರಿತನ, ಬೇರೇನಲ್ಲ. ಅದನ್ನು ಯಂತ್ರದ ಹತ್ತಿರ ತಂದಿಟ್ಟು ಸಾಹೇಬರ ಮುಖ ನೋಡಿದೆ. ಅವರು ಚಾಕು ತೆಗೆದುಕೊಂಡು ಡಬ್ಬದ ತಳ, ಅಂಚು, ಮುಚ್ಚಳ ಎಲ್ಲವನ್ನೂ ತಾವೇ ಕೆರೆದರು.

"ಒಂದೇ ಒಂದು ತೆಗಿ ಬೇಟಾ. ಎಷ್ಟು ಬೇಕೋ ಕುಡೀಲಿ."

ಹಿರಿಯರು ಬೆಂಚಿನ ಮೇಲೆ ಕೂತು, ಬೆರಳಿಟ್ಟು ಓದತೊಡಗಿದರು. ದೇವರ ಹೆಸರು ಸಲೀಸು. 'ದ್ವಿತೀಯ'ದಲ್ಲಿ ಸಿಕ್ಕಿಕೊಂಡರು. ಸಾಹೇಬರು ಹೇಳಿಕೊಡಲು ಬಾಯಿ ತೆರೆದರೆ ಕೈ ಅಡ್ಡ ಮಾಡಿ, ಎಷ್ಟೋ ಹೊತ್ತು ತೆಗೆದುಕೊಂಡು ತಾವೇ ದಾಟಿದರು. ಪುತ್ರಿ ಅಂದ್ರೆ ಮಗಳೇ ಅಲ್ವಾ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಬರಗೂರಿನ ಬಸ್ಸು ಹಾರನ್ ಮಾಡಿ ಹೊರಟಿತು, ಅವರು ಏಳಲಿಲ್ಲ. ಮಗಳ ಹೆಸರಿನ ಮೇಲೆ ಬೆರಳು ನಿಂತಿತು. ಎರಡು ಸಲ ಓದಿದರು. ಬೆರಳೆತ್ತಿದಾಗ ಹೆಸರು ಅರ್ಧ ಕಲಸಿಹೋಗಿತ್ತು. ಅಷ್ಟು ಮಸಿ ಒಣಗಲು ಇಡೀ ದಿನ ಬೇಕು. ಅದನ್ನು ಹೇಳಲು ನಾನು ಮರೆತಿದ್ದೆ.

ಡಬ್ಬದಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ, ಇನ್ನೊಂದು ತೆಗೀತೀನಿ ಇರಿ ಎಂದು ಎದ್ದೆ.

ಅವರು ಕಪ್ಪಾದ ಬೆರಳನ್ನು ನೋಡಿಕೊಳ್ಳುತ್ತಿದ್ದರು.

"ಬ್ಯಾಡ ಕಣಪ್ಪ. ಓದಾಯ್ತಲ್ಲ."