ನಾಗವ್ವ ಮೂಸಲಿಲ್ಲ

ಸ್ವಾರಗೇಟ್ ಬಸ್ ನಿಲ್ದಾಣದ ಹಿಂದೆ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ನಾಗವ್ವನ ಮೂಗು ಸಾಮಾನ್ಯದ್ದಲ್ಲ. ಊರಿನ ಆ ತುದಿಯ ಖಡಕಿಯಲ್ಲಿ ಯಾರಾದರೂ ಬಾಟಲಿಯ ಮುಚ್ಚಳ ತಿರುಗಿಸಿದರೆ ಇಲ್ಲಿ ಆಕೆಗೆ ಸೀನು ಬರುತ್ತಿತ್ತು. ತಮ್ಮ ಮಾಂತು ಕುಡಿಯುತ್ತಿದ್ದ ಕಾಲದಲ್ಲಿ, ಅವನು ಬಸ್ಸಿನಿಂದ ಇಳಿಯುವ ಮೊದಲೇ ಯಾವ ಅಂಗಡಿಯ ಸರಕೆಂದು ಹೇಳಿಬಿಡುತ್ತಿದ್ದಳು. ಓಣಿಯ ಹೆಂಗಸರು ಗಂಡಂದಿರನ್ನು ಸಾಲಾಗಿ ಕರೆತಂದು ಆಕೆಯ ಮುಂದೆ ಬಾಯಿ ತೆರೆಸುತ್ತಿದ್ದರು.

ಮಾಂತು ವ್ಯಸನಮುಕ್ತಿ ಕೇಂದ್ರದಿಂದ ಮರಳಿದ ದಿನವೇ ಆ ದಂಧೆ ಬಂದಾಯಿತು. ಹಿಟ್ಟಿನ ಪರಾತವನ್ನು ಅವನ ಮುಂದೆ ತಳ್ಳಿ, "ರೊಟ್ಟಿ ಬಡಿ. ನಿನ್ನ ಬಾಯಿ ನಾ ಇನ್ನ ಮೂಸಂಗಿಲ್ಲ" ಅಂದಳು.

ಅಡ್ಡಿ ಬಂದದ್ದು ಮುರುಗೆಪ್ಪನಿಂದ. ಅವನು ಕಚೇರಿಯವರನ್ನೆಲ್ಲ ಕಟ್ಟಿಕೊಂಡು ದಿನಾ ಇಲ್ಲೇ ಉಣ್ಣಲು ಬರುವ ಹೆಡ್ ಕ್ಲಾರ್ಕು. ಅವನು ಎದ್ದರೆ ಇಡೀ ಕಚೇರಿಯೇ ಏಳುತ್ತದೆ, ಕೂತರೆ ಕೂರುತ್ತದೆ. ಒಂದು ಮಧ್ಯಾಹ್ನ ಕೈ ತೊಳೆಯಲು ಹೋದವನು ಮಾಂತುವಿನ ಪಕ್ಕ ನಿಂತು ಮುಖ ಕಿವುಚಿದ.

"ನಾಗಕ್ಕ, ನಿಮ್ಮ ತಮ್ಮ ತೊಗೊಂಡಾನ್ರಿ. ಹುಳಿ ವಾಸನಿ ಬರಾಕತ್ತದ."

"ಅಂಬಲಿರಿ ಸಾಹೇಬ್ರ," ಅಂದ ಮಾಂತು. "ನಿನ್ನೀದು ಹುಳಿ ಬಂದಿತ್ತು. ಮುಂಜಾನೆ ಅದನ್ನ ಕುಡದೀನಿ."

"ಕುಡದೀನಿ ಅಂತ ತಾನ ಒಪ್ಪಿದ ನೋಡ್ರಿ."

ಬೆಂಚುಗಳು ನಕ್ಕವು. ಮಾಂತು ಅಕ್ಕನ ಮುಂದೆ ಬಂದು ಬಾಯಿ ತೆರೆದ. "ಒಮ್ಮೆ ಮೂಸಬೇ ಅಕ್ಕಾ. ನೀ ಅಂದ್ರ ನಂಬತಾರ."

ಒಂದೇ ಉಸಿರಿನ ಕೆಲಸ. ಆಕೆಯ ಮೂಗು ಹಗ್ಗ ಜಗ್ಗುವ ಹೋರಿಯಂತೆ ಮುಂದಕ್ಕೆ ಎಳೆಯುತ್ತಿತ್ತು. ಆದರೆ ಇವತ್ತು ಅಂಬಲಿ, ನಾಳೆ ಮಜ್ಜಿಗೆ. ಇವನು ಬದುಕಿಡೀ ಕಂಡವರ ಮುಂದೆ ಬಾಯಿ ತೆರೆದುಕೊಂಡೇ ನಿಲ್ಲಬೇಕೆ? ನಾಗವ್ವ ಹಿಟ್ಟಿನ ಬೆರಳಲ್ಲೇ ಮೂಗು ಹಿಡಿದುಕೊಂಡಳು.

"ಮೂಸಂಗಿಲ್ಲ."

"ಸುಳ್ಳ ಹೇಳತೀನಿ ಅಂತೀಯೇನು?"

"ಖರೇ ಹೇಳಾಕತ್ತೀದಿ. ಅದಕ್ಕ ಮೂಸಂಗಿಲ್ಲ."

ಮೂಗು ಮುಚ್ಚಿದ ದನಿ ಸನಾದಿಯಂತೆ ಹೊರಟಿತು. ಈ ಸಲ ಯಾರೂ ನಗಲಿಲ್ಲ.

"ಹಂಗಾದ್ರ ನಾಳಿಂದ ನಾವು ಬರಂಗಿಲ್ರಿ," ಅಂದ ಮುರುಗೆಪ್ಪ. "ಕುಡುಕನ ಕೈಯಾನ ರೊಟ್ಟಿ ನಮಗ ಬ್ಯಾಡ."

"ಬ್ಯಾಡಂದ್ರ ಬಿಡ್ರಿ. ಇಷ್ಟ ದಿನಾ ಎರಡೆರಡು ಹೆಚ್ಚಿಗಿ ಹಾಕಿಸಿಕೊಂಡು ಉಂಡದ್ದೂ ಅವನ ಕೈದ."

ಮುರುಗೆಪ್ಪ ಎದ್ದ, ಅವನ ಹಿಂದೆ ಮುಕ್ಕಾಲು ಖಾನಾವಳಿ ಎದ್ದು ಹೋಯಿತು. ಮಾಂತು ಇನ್ನೂ ಬಾಯಿ ತೆರೆದೇ ನಿಂತಿದ್ದ.

"ಬಾಯಿ ಮುಚ್ಚೋ, ನೊಣಾ ಹೊಕ್ಕಾವು. ಹಂಚು ಕಾದದ."

ಅವನು ಕೂತು ರೊಟ್ಟಿ ಬಡಿದ. ಆ ಸದ್ದಿಗೆ ನಿಲ್ದಾಣದ ಸಾತಾರಾ ಬಸ್ಸು ಹೊತ್ತಿಗೆ ಮೊದಲೇ ಹೊರಟುಬಿಟ್ಟಿತಂತೆ. ಮೂಲೆಯಲ್ಲಿ ಉಳಿದಿದ್ದ ಮುದುಕನೊಬ್ಬ ಗಂಗಾಳ ಚಾಚಿದ.

"ಮಾಂತಣ್ಣ, ಇತ್ತ ಒಂದ ಬಿಸೀದ ಹಾಕಪಾ."