ಮೊಲಕ್ಕೆ ‘ಮ’ ಕಲಿಸಿದ ದೊಡ್ಡಪ್ಪ

ದೊಡ್ಡಪ್ಪನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು ಮೂವತ್ತೈದು ವರ್ಷ ಮೇಣ ಕೆತ್ತಿದವರು. ಕಂಪ್ಯೂಟರ್ ಮುಟ್ಟಿದವರಲ್ಲ.

ಅವರ ತಮ್ಮನ ಮಗಳು ಕಿವಿ ಕೇಳದ ಮಕ್ಕಳ ಟೀಚರು. ತುಟಿ ನೋಡಿ ಮಾತು ತಿಳಿಯುವುದನ್ನು ಆನ್‌ಲೈನಿನಲ್ಲಿ ಕಲಿಸುತ್ತಿದ್ದಳು. ಅವಳ ಮುಖ ನೋಡಿ ನೋಡಿ ಮಕ್ಕಳಿಗೆ ಬೇಸರ ಬಂದಾಗ ಪರದೆಯ ಮೇಲೆ ತನ್ನ ಬದಲು ಒಂದು ಕಾರ್ಟೂನ್ ಮೊಲವನ್ನು ತಂದಳು. ವೆಬ್‌ಕ್ಯಾಮ್ ಅವಳ ಮುಖವನ್ನು ಗಮನಿಸುತ್ತದೆ. ಅವಳು ಹುಬ್ಬೇರಿಸಿದರೆ ಮೊಲವೂ ಹುಬ್ಬೇರಿಸುತ್ತದೆ, ಬಾಯಿ ತೆರೆದರೆ ಅದೂ ತೆರೆಯುತ್ತದೆ. ಮಕ್ಕಳು ಕಣ್ಣು ಕೀಳದೆ ನೋಡಿದರು. ಆದರೆ ಮೊಲ ‘ಮನೆ’ ಎಂದಾಗ ಒಬ್ಬ ಹುಡುಗಿ ಆನೆಯ ಚಿತ್ರ ಎತ್ತಿ ಹಿಡಿದಳು. ಮರುದಿನವೂ ಆನೆಯೇ.

“ನನ್ನ ಪಾಠಾನೇ ಸರಿ ಇಲ್ವೇನೋ, ದೊಡ್ಡಪ್ಪ,” ಎಂದಳು ಮುಖ ಸಪ್ಪೆ ಮಾಡಿಕೊಂಡು.

“ಎಲ್ಲಿ, ಇನ್ನೊಂದ್ಸಲ ಹೇಳ್ಸು ಅದರ ಕೈಲಿ.”

ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. “ನಿಂದೇನೂ ತಪ್ಪಿಲ್ಲ ಕಣಮ್ಮ. ಇದರ ಮುಂದಿನ ಹಲ್ಲು ಉದ್ದ ಆಗಿದೆ, ತುಟಿ ಸೇರ್ತಾನೇ ಇಲ್ಲ. ಸೇರದೆ ‘ಮ’ ಎಲ್ಲಿಂದ ಬರ್ಬೇಕು? ಸೆಟ್ಟು ಎತ್ತರ ಆದೋರೂ ಹೀಗೇ ಒದ್ದಾಡ್ತಾರೆ.”

“ಮೊಲ ಅಂದ್ಮೇಲೆ ಹಲ್ಲು ಬೇಡ್ವಾ?”

“ಇರ್ಲಿ. ಅರ್ಧ ಅಕ್ಕಿಕಾಳಷ್ಟು ತೆಗೀತೀನಿ.”

ತೆಗೆಯುವುದು ಅಷ್ಟು ಸುಲಭವಿರಲಿಲ್ಲ. ಮೇಣಕ್ಕೆ ಪಳಗಿದ ಕೈಗೆ ಮೌಸು ಬಗ್ಗಲಿಲ್ಲ. ಮೊದಲ ದಿನ ಮೊಲದ ಅರ್ಧ ಕೆನ್ನೆಯೇ ಅಳಿಸಿಹೋಯಿತು. “ಬಿಡಿ, ಬೇರೆ ಯಾರ ಕೈಲಾದ್ರೂ ಮಾಡಿಸ್ತೀನಿ” ಎಂದು ಅವಳು ಹೇಳಿದರೂ ಕೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ ಅವರದು. ಊಟದ ಬಿಡುವಿನಲ್ಲಿ ಕೈಗನ್ನಡಿ ಹಿಡಿದು ಪ, ಬ, ಮ ಎನ್ನುತ್ತ ತಮ್ಮ ತುಟಿಯನ್ನೇ ನೋಡಿಕೊಂಡರು. ನೋಡಿದ್ದನ್ನು ಮೊಲದ ತುಟಿಯಲ್ಲಿ ತಿದ್ದಿದರು. ತಗ್ಗಿನಲ್ಲಿದ್ದ ಕ್ಯಾಮೆರಾವನ್ನು ಎರಡು ಡಬ್ಬಿಗಳ ಮೇಲೇರಿಸಿ ಅವಳ ಬಾಯಿಯ ನೇರಕ್ಕೆ ತಂದರು.

ಮೂರನೆಯ ವಾರ ಮೊಲ ತುಟಿ ಒತ್ತಿ, ಬಿಟ್ಟು, ‘ಮನೆ’ ಎಂದಿತು. ಹುಡುಗಿ ಆನೆಯತ್ತ ಚಾಚಿದ್ದ ಕೈಯನ್ನು ಹಿಂತೆಗೆದು ಮನೆಯ ಚಿತ್ರ ಎತ್ತಿದಳು. ಟೀಚರ ಕಣ್ಣು ತುಂಬಿತು. ಮೊಲಕ್ಕೆ ಕಣ್ಣೀರಿನ ಏರ್ಪಾಡಿಲ್ಲದ್ದರಿಂದ ಅದು ಸುಮ್ಮನೆ ಕಣ್ಣು ಪಿಳುಕಿಸಿತು.

“‘ವ’ ಇನ್ನೂ ಸರಿ ಬಂದಿಲ್ಲ,” ಎಂದರು ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪ.

ಈಗ ಆ ಶಾಲೆಯ ಇನ್ನಿಬ್ಬರು ಟೀಚರುಗಳೂ ತಮ್ಮ ಪ್ರಾಣಿಗಳ ಬಾಯಿ ತೋರಿಸಲು ಅವರ ಅಂಗಡಿಗೆ ಬಂದಿದ್ದಾರೆ. ಕರಡಿಯದ್ದನ್ನು ಒಂದೇ ವಾರದಲ್ಲಿ ಮಾಡಿಕೊಟ್ಟರು. ಗಿಳಿಯನ್ನು ಮಾತ್ರ ನಯವಾಗಿ ವಾಪಸು ಕಳಿಸಿದರು: “ಕೊಕ್ಕಿಗೆ ತುಟಿ ಎಲ್ಲಿಂದ ತರ್ಲಿ, ತಾಯಿ?”