ದೊಂಬಿಯವರ ಬೇಡಿಕೆ

ಮಿತ್ರರೇ, ಇಂದು ಮಧ್ಯಾಹ್ನ ಬನ್ನಂಜೆಯ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ನೂರು ಮಂದಿಯ ಅಡುಗೆ ಸಿದ್ಧವಾಗಿತ್ತು; ಬಂದವರು ಹನ್ನೆರಡೇ ಮಂದಿ. ಆದಿ ಉಡುಪಿಯ ಮೈದಾನದಲ್ಲಿ ಗುರಾಣಿ, ಲಾಠಿ ಹಿಡಿದ ಪೊಲೀಸರನ್ನು ಕಂಡು ಉಳಿದವರೆಲ್ಲ ಹೆದರಿ ಮನೆ ಸೇರಿದ್ದರು. ಹಿರಿಯಡ್ಕದ ಭಾವಮೈದುನನಂತೂ ಫೋನಿನಲ್ಲಿ ಪಿಸುಗುಟ್ಟಿದ: “ಭಾವ, ದೊಡ್ಡ ಗಲಾಟೆ ಆಗ್ಲಿಕ್ಕುಂಟು. ಸರಕಾರಕ್ಕೆ ಮೊದಲೇ ಗೊತ್ತುಂಟು ಮಾರಾಯ್ರೆ!”

ದೇವರಿಗೆ ನಿವೇದಿಸಿದ ಅನ್ನ ಹಾಳಾಗುವುದನ್ನು ಸಹಿಸಲಾರದೆ ನಾನೇ ಮೈದಾನಕ್ಕೆ ಹೋಗಿ ವಿಚಾರಿಸಿದೆ. ಧಾರವಾಡದ ಕಡೆಯ ಅಧಿಕಾರಿ ನಕ್ಕರು.

“ಏನಿಲ್ರಿ ಅಜ್ಜಾರ, ಇದು ಬರೇ ತಾಲೀಮು. ನಮ್ಮವರಾಗ ಅರ್ಧ ಮಂದಿ ಪೊಲೀಸರು, ಅರ್ಧ ಮಂದಿ ದೊಂಬಿ ಮಾಡಾವ್ರು.”

“ದೊಂಬಿಯವರ ಬೇಡಿಕೆ ಎಂತದು?”

“ಅದನ್ನ ಯಾರೂ ಹೇಳಿಲ್ರಿ.”

“ಹಾಗಾದರೆ ಊಟವೆಂದೇ ಇಟ್ಟುಕೊಳ್ಳಿ. ಈಗಲೇ ಎಲೆ ಹಾಕಿಸುತ್ತೇನೆ.”

ಅರ್ಧ ಗಂಟೆಯೊಳಗೆ ಗುರಾಣಿಗಳು ನಮ್ಮ ಜಗಲಿಗೆ ಒರಗಿದವು. ಎರಡೂ ಪಕ್ಷದವರು ಒಂದೇ ಪಂಕ್ತಿಯಲ್ಲಿ ಕುಳಿತು, ಗೋವಿಂದನನ್ನು ಸ್ಮರಿಸಿ, ತೃಪ್ತಿಯಿಂದ ಉಂಡರು. ಒಂದು ಅಗುಳೂ ಉಳಿಯಲಿಲ್ಲ.

ಸರಕಾರದ ಸನ್ನದ್ಧತೆಯ ಕುರಿತು ನಾನು ಕಣ್ಣಾರೆ ಕಂಡದ್ದು ಇಷ್ಟೇ: ಪಾಯಸದ ಮೂರನೆಯ ಸುತ್ತಿಗೆ ದೊಂಬಿ ಜೋರಾಯಿತು, ತಡೆಯಬೇಕಾದವರು ಆಗಲೇ ನಾಲ್ಕನೆಯ ಸುತ್ತಿನಲ್ಲಿದ್ದರು.